ಎಳೆಯಬಾರದ ದಾರ

ನಾಳೆ ಬೆಳಗಿನ ಜಾವ ಬೋಟು ಬಿಡುತ್ತದೆ, ಪ್ರಣಾಲಿ.
ಒಂಬತ್ತು ದಿನ. ಗಾಳಿ ಸುಮ್ಮನಿದ್ದರೆ ಎಂಟು.
ಅಲ್ಲಿಯವರೆಗೆ ಶೆಟ್ಲಿ ನಿನ್ನ ಪಾಲಿಗೆ.
ಬೈತಕೋಲದ ಐಸು ಕಾರ್ಖಾನೆಯ ಹಿಂದೆ ಸಿಕ್ಕಾಗ
ಒದ್ದೆ ಗೋಣಿಯ ಮೇಲೆ ಡೊಂಕಾಗಿ ಬಿದ್ದಿದ್ದಳು,
ಬುಟ್ಟಿಯಿಂದ ಜಾರಿದ ಶೆಟ್ಲಿಯ ಹಾಗೆ.
ಈಗಲೂ ಹಾಗೇ ಮಲಗುತ್ತಾಳೆ, ನೋಡು.

ನೀರು ಈ ಬೋಗುಣಿಯಲ್ಲಿ, ದಿನಕ್ಕೆರಡು ಸಲ ತೊಳೆದು.
ದಂಡೆಯಲ್ಲಿ ಉಪ್ಪುನೀರಿಗೆ ಬಾಯಿ ಹಾಕುತ್ತಾಳೆ, ಹುಚ್ಚಿ,
ಆಮೇಲೆ ರಾತ್ರಿಯೆಲ್ಲ ವಾಂತಿ.
ಹೊರಡುವ ಮೊದಲೇ ಕುಡಿಸು.
ಹನ್ನೊಂದರ ಮೇಲೆ ಮರಳಿಗೆ ಇಳಿಸಬೇಡ,
ನಿನಗೆ ಚಪ್ಪಲಿ ಇದೆ.
ಕೈಯ ಬೆನ್ನನ್ನು ಮರಳಿಗೊತ್ತಿ ಏಳು ಎಣಿಸು,
ಐದಕ್ಕೇ ತೆಗೆದರೆ ಮನೆಗೆ ತಿರುಗು.

ಸಂಜೆ ಉಣುಗು ಹುಡುಕು.
ಕಣ್ಣಿಗಿಂತ ಮೊದಲು ಬೆರಳಿಗೆ ಕಾಣುತ್ತದೆ ಅದು.
ಕಿವಿಯ ಮಡಿಕೆ, ಕಂಕುಳು, ಪಾದದ ಸಂದು, ಬಾಲದ ಬುಡ,
ಬಲೆಯಲ್ಲಿ ಹರಿದ ಕಣ್ಣು ಹುಡುಕುವ ಹಾಗೆ, ಅವಸರವಿಲ್ಲದೆ.
ಚಿಮಟಿಯಿಂದ ಚರ್ಮಕ್ಕೆ ತಾಗಿಯೇ ಹಿಡಿದು
ನೆಟ್ಟಗೆ ಎತ್ತು, ತಿರುಚಬೇಡ.
ಸೀಮೆಎಣ್ಣೆ ಬೇಡ, ಬೀಡಿಯ ಕೆಂಡ ಬೇಡ.
ನಮ್ಮಪ್ಪ ಅದನ್ನೇ ಮಾಡುತ್ತಿದ್ದ;
ಅವನ ಕೆಮ್ಮು ಕೇಳಿದರೆ ನಾಯಿ ಮಂಚದಡಿ.

ಮೀನು ಕೊಡಬಹುದು, ಮುಳ್ಳು ತೆಗೆದು, ಉಪ್ಪುಖಾರವಿಲ್ಲದೆ.
ಬಲೆಯಿಂದ ಎಸೆದ ಉಬ್ಬುಹೊಟ್ಟೆಯ ಮೀನನ್ನು ಮಾತ್ರ
ಮೂಸಲೂ ಬಿಡಬೇಡ.
ಮೈ ಬಿಸಿಯಾದರೆ ನಿನ್ನಜ್ಜಿಯ ಗುಳಿಗೆ ಡಬ್ಬಿ ತೆರೆಯಬೇಡ,
ಅಜ್ಜಿಗೆ ಔಷಧವಾದದ್ದು ಇವಳಿಗೆ ವಿಷವಾದೀತು.

ಇನ್ನೊಂದು ಮಾತು. ಇದಕ್ಕೇ ನಿನ್ನನ್ನು ಕೂರಿಸಿದ್ದು.

ಹೋದ ಮಾಘದಲ್ಲಿ ಕೋಡಿಬಾಗದ ಸೇತುವೆಯಡಿ
ಯಾರೋ ಗಾಳಕ್ಕೆ ಬಂಗಡೆ ತುಂಡು ಚುಚ್ಚಿಟ್ಟು
ಬೆಂಕಿಪೊಟ್ಟಣ ಕೇಳಲು ಆಚೆ ತಿರುಗಿದ್ದರು.
ನಾನು ನೋಡುವಾಗ ಶೆಟ್ಲಿಯ ಬಾಯಂಚಿನಿಂದ
ಮೊಳದುದ್ದ ನೈಲಾನ್ ದಾರ ನೇತಾಡುತ್ತಿತ್ತು.

ಮೂವತ್ತೊಂದು ವರ್ಷ, ಪ್ರಣಾಲಿ,
ದಾರ ಕಂಡರೆ ಎಳೆಯುವುದೊಂದೇ ಈ ಕೈಗೆ ಗೊತ್ತು.
ಕತ್ತಲಲ್ಲಿ ಎಳೆದಿದ್ದೇನೆ, ಜ್ವರದಲ್ಲಿ,
ಮದುವೆಯ ಹಿಂದಿನ ರಾತ್ರಿ.
ಎರಡು ಬೆರಳಿಗೆ ಸುತ್ತಿಯೂ ಆಗಿತ್ತು.
ಅವಳು ನನ್ನ ಕಡೆ ನೋಡಿದಳು. ಕೂಗಲಿಲ್ಲ.
ನುಂಗಿದಳು, ಇನ್ನೊಮ್ಮೆ ನುಂಗಿದಳು,
ಮೊಳದ ದಾರ ಗೇಣಾಯಿತು.

ಗಾಳಕ್ಕೆ ಹಿಮ್ಮುಳ್ಳಿದೆ.
ಅದನ್ನು ಅರದಿಂದ ಹರಿತ ಮಾಡುವವನು ನಾನು.
ಎಳೆದರೆ ಒಳಗೆ ಏನು ಹರಿಯುತ್ತದೆಂದು
ಸಾವಿರ ಮೀನಿನ ಹೊಟ್ಟೆ ಸೀಳಿ ಕಂಡವನು ನಾನೇ.

ಸುತ್ತು ಬಿಚ್ಚಿದೆ.
ದಾರ ಕತ್ತರಿಸಲಿಲ್ಲ,
ತುದಿಯನ್ನು ಕೊರಳಪಟ್ಟಿಗೆ ಸಡಿಲಾಗಿ ಕಟ್ಟಿ
ದಾಮೋದರನ ರಿಕ್ಷಾ ಹತ್ತಿದೆ.
ಅವಳು ಅವನ ಹೆಂಡತಿಯ ಮಡಿಲಲ್ಲಿ.
ನನ್ನೆರಡು ಕೈ ನನ್ನ ತೊಡೆಯಡಿಯಲ್ಲಿ,
ಕಳ್ಳರನ್ನು ಕೂರಿಸಿದ ಹಾಗೆ.

ಪಶು ಆಸ್ಪತ್ರೆಯ ಮೇಡಂ ಎಕ್ಸ್‌ರೇ ಹಾಳೆ ಬೆಳಕಿಗೆ ಹಿಡಿದರು.
ಏಳನೇ ನಂಬರಿನ ಗಾಳ. ನಾನೂ ಅದನ್ನೇ ಕೊಳ್ಳುವುದು.
‘ಎಳೆಯದೆ ತಂದಿರಿ, ಒಳ್ಳೆಯದಾಯಿತು’ ಎಂದರು.
ಕೊಯ್ದರು, ಆರು ಹೊಲಿಗೆ, ನನ್ನ ಬಲೆಗಿಂತ ಚೊಕ್ಕ.
ಹೊಟ್ಟೆ ಸವರುವಾಗ ಬೆರಳಿಗೆ ಗಂಟು ಸಿಗುತ್ತದೆ,
ಉಣುಗಲ್ಲ ಅದು, ಕೀಳಲು ಹೋಗಬೇಡ.

ಮೇಡಂ ನಂಬರು ಕ್ಯಾಲೆಂಡರಿನಲ್ಲಿದೆ, ಅಮಾವಾಸ್ಯೆಯ ಚೌಕದೊಳಗೆ.
ರೇಬೀಸ್ ಚುಚ್ಚುಮದ್ದು ಹದಿನಾಲ್ಕಕ್ಕೆ,
ನಾನು ಬರದಿದ್ದರೆ ನೀನೇ ಒಯ್ಯಿ.
ಹೆದ್ದಾರಿ ದಾಟುವಾಗ ಹಗ್ಗ ಗಿಡ್ಡ ಹಿಡಿ.
ಬಾಯಿಗೆ ಏನಾದರೂ ಹಾಕಿಕೊಂಡರೆ ಕಸಿಯಬೇಡ;
ಕೊಬ್ಬರಿ ಚೂರು ತೋರಿಸಿ ‘ಬಿಡು’ ಎನ್ನು, ಬಿಡುತ್ತಾಳೆ.

ಆ ಒಂದು ಮಾತು ಕಲಿಯಲು ಅವಳಿಗೆ ಎರಡು ತಿಂಗಳು ಹಿಡಿಯಿತು.
ನನಗೆ ಇನ್ನೂ ಬಂದಿಲ್ಲ.
ಹಗ್ಗ ನಿನ್ನ ಕೈಗೆ ಕೊಟ್ಟು ಆಗಲೇ ಎಷ್ಟು ಹೊತ್ತಾಯಿತು,
ನೋಡು, ಅದರ ಈ ತುದಿ
ನನ್ನ ಬೆರಳಲ್ಲೇ ಇದೆ.