ಕಣ್ಣಳತೆ

ತಕ್ವಾರೆಂಬೊದ ಬಯಲಲ್ಲಿ
ಬಸಿಲಿಯೊನ ಕಣ್ಣೇ ತಕ್ಕಡಿ.
ಬೇಲಿಗೊರಗಿ, ಸೋರೆಬುರುಡೆಯ ಕಹಿ ಕಷಾಯ ಹೀರುತ್ತ
"ನಾನೂರ ಹತ್ತು" ಅಂದರೆ
ಯಂತ್ರ ತಡವರಿಸಿ ನಾನೂರ ಹದಿಮೂರು ಅನ್ನುತ್ತಿತ್ತು.

ಮಗಳು ನೋಯೆಲಿಯಾ ಐದು ವರ್ಷ
ಕಿವಿಯ ಹಳದಿ ಬಿಲ್ಲೆ ಓದಿಸಿ ಬರೆದಿಟ್ಟಳು:
ಯಾವುದು ಗಬ್ಬ, ಯಾವುದು ಖಾಲಿ,
ಯಾವ ಕರು ಏಳು ತಿಂಗಳಿಗೆ ಎಷ್ಟು ತೂಗಿತು.

ಆ ಸಂಜೆ ಪರದೆ ತಿರುಗಿಸಿದಳು.
ಅಪ್ಪನ ಮುದ್ದಿನ ಪಲೋಮಾ, ಮೈತುಂಬ ಹೊಳಪು,
ಐದು ವರ್ಷಕ್ಕೆ ಮೂರೇ ಕರು.
ಸೊಟ್ಟಕೊಂಬಿನ ೨೨೦೬, ಯಾರೂ ತಿರುಗಿ ನೋಡದ್ದು,
ಐದಕ್ಕೆ ಐದು.
"ಸೋಮವಾರ ಲಾರಿ ಬರುತ್ತೆ. ಯಾವುದನ್ನ ಹತ್ತಿಸಲಿ?"

ಕಷಾಯ ಆರಿತು.
"ಆ ಎರಡು ವರ್ಷ ಅವಳು ಎಲ್ಲಿ ಮೇಯ್ತಿದ್ಳು, ತೆಗಿ."

ತೆಗೆದಳು. ಎರಡು ಸಲವೂ ಹಳ್ಳದ ಕೆಳಗಿನ ಕಾವಲು.
ಖಾಲಿ ಉಳಿದ ಹದಿನಾಲ್ಕರಲ್ಲಿ ಹನ್ನೊಂದು ಅಲ್ಲೇ.
"ಅಲ್ಲಿಗೆ ಅಟ್ಟಿದ್ದು ನಾನು," ಅಂದ.
ಸೊಟ್ಟಕೊಂಬಿನದೂ ಅಲ್ಲೇ ಇತ್ತಲ್ಲ
ಅನ್ನಲಿಲ್ಲ ಮಗಳು.

ಬೆಳಿಗ್ಗೆ ಇಬ್ಬನಿಯಲ್ಲಿ ಮೊಣಕಾಲೂರಿ
ಹುಲ್ಲೊಳಗೆ ಕೈ ನಿಲ್ಲಿಸಿದ.
ಎರಡು ಬೆರಳು. ಆಚೆ, ಅಷ್ಟೂ ಇಲ್ಲ.
ಮೂವತ್ತು ವರ್ಷ ಬೆನ್ನುಗಳನ್ನೇ ತೂಗಿದ ಕಣ್ಣು
ಗೊರಸಿನತನಕ ಇಳಿದಿರಲಿಲ್ಲ.

"ಇದಕ್ಕೂ ಒಂದು ಸಾಲು ಹಾಕು," ಅಂದ,
ಬೆರಳ ಮಣ್ಣು ಒರೆಸದೆ.

ಸೋಮವಾರ ಲಾರಿ ಬಂತು. ಪಲೋಮಾ ಹತ್ತಿದಳು.