ನಲವತ್ತಾರು ಸೇರು

ತಾವರಗೇರಿಯಿಂದ ಮುದಗಲ್ಲು, ಅಲ್ಲಿಂದ ಲಿಂಗಸುಗೂರು.
ಬೋರ್ಡಿನ ಮ್ಯಾಲ ಊರಿನ ಹೆಸರು ಬರದೈತಿ,
ಯಾರೂ ಓದೂದಿಲ್ಲ.
"ಟಪಾಲು ಹೋತೇನವ್ವ?" ಅಂತ ಕೇಳ್ತಾರ.
ಹೋತು, ಬಂತು, ಇವತ್ತು ತಡ, ಇವತ್ತು ಪಂಚರ್,
ಎಲ್ಲಾ ಟಪಾಲಿಂದಽ.
ಬಸ್ಸಿನ್ಯಾಗ ಒಂದು ಕಾಗದಾನೂ ಇಲ್ಲ.

ನಮ್ಮಜ್ಜಿ ಮಾನಮ್ಮ ಹತ್ತಿದಾಗ
ಇದು ಬಸ್ಸಾಗಿರಲಿಲ್ಲ.
ಮರ್ದಾನಸಾಬನ ಮೋಟಾರು, ಹಿಂದ ಬರೇ ಚೀಲ,
ಚೀಲದ ಬಾಯಿಗೆ ಅರಗಿನ ಮುದ್ರಿ.
ಅದಕ್ಕೂ ಮೊದಲು ಗೂಳಪ್ಪ ಓಡ್ತಿದ್ದ
ಕೋಲಿಗೆ ಗೆಜ್ಜಿ ಕಟ್ಟಿಕೊಂಡು, ಸಜ್ಜಿ ಹೊಲದ ಗುಂಟ.
ಅವನ ಮೊಣಕಾಲು ಸೋತ ಮ್ಯಾಲ
ಮೋಟಾರಿಗೆ ಗುತ್ತಿಗಿ ಸಿಕ್ಕಿತು.

ಹಾಲಿ ಸಿಕ್ಕಾ ಇನ್ನೂ ಸಂತ್ಯಾಗ ನಡೀತಿದ್ದ ದಿನಗಳು.
ಬನ್ನಿಹಟ್ಟಿ ಅಂಚಿ ಮನಿ ಮುಂದ, ಬೇವಿನ ಕೆಳಗ
ಅಜ್ಜಿ ನಿಂತು ಅಂದ್ಳಂತ:
"ಲಿಂಗಸುಗೂರಾಗ ನಮ್ಮಕ್ಕ ಅದಾಳ.
ಒಂದು ಮಾತು ಹೇಳೂದೈತಿ.
ಬರಿಯಾಕ ನೀವು ಬೇಕು, ಓದಾಕ ಅಲ್ಲೊಬ್ಬಾಂವ ಬೇಕು.
ಇಬ್ಬರು ಗಂಡಸರ ಬಾಯಾಗ ಹಾದು ಹೋದ ಮ್ಯಾಲ
ಅದು ನನ್ನ ಮಾತಾಗಿ ಉಳಿಯೂದಿಲ್ಲ.
ನನ್ನಽ ಹಾಕ್ರಿ."

ವೆಂಕೋಬಾಚಾರ್ರು ಕನ್ನಡಕ ತೆಗೆದು ಒರಸಿದ್ರು,
ಮಂದಿ ಹೇರಬಾರದು ಅಂತ ಕಾಯ್ದೆ ಓದಿದ್ರು,
ಮತ್ತೊಮ್ಮೆ ಒರಸಿದ್ರು.
ಆಮ್ಯಾಲ ಪಾರ್ಸಲ್ ತಕ್ಕಡಿ ತರಿಸಿ
ಹತ್ತು ಅಂದ್ರು.
ನಲವತ್ತಾರು ಸೇರು. ಬುತ್ತಿ ಗಂಟು ಸೇರಿ.
ಅಷ್ಟು ತೂಕಿನ ರೊಕ್ಕ ಯಾರ ಹತ್ರ ಐತಿ?
ಎರಡಾಣೆ ಅಂದ್ರು, ತಾವಽ ಒಂದು ದರ ಹುಟ್ಟಿಸಿ.
ಟಿಕೆಟಿನ ಪುಸ್ತಕ ಇಲ್ಲ;
ತಾರೀಖಿನ ಮುದ್ರಿ ಮಸಿಗೆ ಅದ್ದಿ
ಬಲ ಅಂಗೈಗೆ ಧಡ್ ಅಂತ ಒತ್ತಿದ್ರು.
"ಅಳಿಸೀತು, ಜ್ವಾಕಿ. ಬರೂ ಮುಂದ ಇದಽ ಚೀಟಿ."

ಎರಡು ದಿನ ಅಕ್ಕನ ಮನ್ಯಾಗ
ಅಜ್ಜಿ ಎಡಗೈಲೆ ರೊಟ್ಟಿ ಬಡದಳು,
ಬಲಗೈ ಎದಿಗೆ ಅವಚಿಕೊಂಡು.
ರೊಟ್ಟಿ ಹರದು ಹರದು ಬಂದ್ವು.
ಏನು ಮಾತು, ಅಕ್ಕ ಏನಂದ್ಳು,
ಸಾಯೂತನಕ ಹೇಳಲಿಲ್ಲ.
ನಾನು ಎಷ್ಟೋ ಸಲ ಕೇಳೀನಿ.
"ಮುಟ್ಟಿತು" ಅಂತಿದ್ಳು, ಅಷ್ಟಽ.

ಮರುವಾರ ಚೀಲದ ಮ್ಯಾಲ ನಾಕು ಮಂದಿ.
ಆಮ್ಯಾಲ ಒಂದು ಹಲಗಿ, ಹಲಗಿಗೆ ಬೆನ್ನು,
ಬೆನ್ನಿಗೊಂದು ತಗಡಿನ ಮಾಡು,
ಮಾಡಿನ ಮ್ಯಾಲ ತೊಗರಿ, ಕೋಳಿ,
ಒಮ್ಮೆ ಯಾರದೋ ಹೊಸ ಮನಿ ಬಾಗಿಲ ಚೌಕಟ್ಟು.
ಚೀಲ ಹಿಂದಕ ಸರೀತಾ, ಸಣ್ಣಾಗ್ತಾ
ನನ್ನ ಕಾಲಕ್ಕ ಸೀಟಿನ ಕೆಳಗ
ಕಾಲಿಗೆ ತಾಕೂ ಬೆಕ್ಕಿನಷ್ಟಾಗಿತ್ತು.
ಹೋದ ವರ್ಷ ಅದೂ ಇಳೀತು.

ಕ್ರಾಸಿನ್ಯಾಗ ಹೊಸ ನಿಲ್ದಾಣ ಕಟ್ಯಾರ, ಆಡು ಮಲಗ್ತಾವ.
ಡ್ರೈವರ್ ಯಮನೂರಪ್ಪ ಬೇವಿನ ಕೆಳಗಽ ನಿಲ್ಲಸ್ತಾನ,
ಇಂಜಿನ್ ಬಂದ್ ಮಾಡಿ, ಐದು ನಿಮಿಷ,
ಚೀಲ ಏರಸೂ ಐದು ನಿಮಿಷ.
ಯಾಕಪ್ಪ ಅಂದ್ರ
"ವೇಳಾಪಟ್ಟ್ಯಾಗ ಐತಿ" ಅಂತಾನ.
ನೋಡೀನಿ. ಇಲ್ಲ.

ಈಗ ಹೆಣ್ಣುಮಕ್ಕಳಿಗೆ ಸೊನ್ನಿ ಟಿಕೆಟ್.
ಮಷಿನ್ ಕಿರ್ ಅಂತೈತಿ: ತಾರೀಖು, ಹೊತ್ತು, ಎಲ್ಲಿಂದ, ಎಲ್ಲಿಗೆ,
ರೂಪಾಯಿ ಸೊನ್ನಿ, ಪೈಸೆ ಸೊನ್ನಿ ಸೊನ್ನಿ.
ತೂಕ ಯಾರೂ ಕೇಳೂದಿಲ್ಲ.
ಹರದು ಕೊಡ್ತೀನಿ, ಮುದ್ದಿ ಮಾಡಿ ಕಿಟಕ್ಯಾಗಿಂದ ತೂರ್ತಾರ.
ಒಮ್ಮೊಮ್ಮೆ ಅಂಗೈ ನೋಡಬೇಕು ಅನಸ್ತೈತಿ,
ಅವರದಲ್ಲ, ನಂದು.
ಅಲ್ಲಿ ಚಿಲ್ಲರಿಯ ಕರಿ ಕಲಿ.

ನಿನ್ನೆ ಬನ್ನಿಹಟ್ಟ್ಯಾಗ ಒಬ್ಬಾಕಿ ಹತ್ತಲಿಲ್ಲ,
ಕಿಟಕ್ಯಾಗಿಂದ ಡಬ್ಬಿ ಕೊಟ್ಟಳು,
ಅರಿವಿ ಸುತ್ತಿದ್ದು, ಇನ್ನೂ ಬಿಸಿ.
"ಮುದಗಲ್ ಕ್ವಾಟಿ ಬಾಗಿಲ ಹತ್ರ
ನೀಲಿ ಅಂಗಿ ಹುಡುಗ ನಿಂತಿರ್ತಾನ, ಕೊಡವ್ವ."
ಹೆಸರು ಕೇಳೂದರಾಗ ಬಸ್ಸು ಬಿಟ್ಟಿತ್ತು.

ಸಾಲಿ ಗಂಟಿ ಹೊತ್ತು.
ಕ್ವಾಟಿ ಬಾಗಿಲ ಹತ್ರ ನೀಲಿ ಅಂಗಿ ಐವತ್ತು.
ಫುಟ್‌ಬೋರ್ಡಿನ ಮ್ಯಾಲ ನಿಂತು ಡಬ್ಬಿ ಎತ್ತಿ ಹಿಡಿದೆ.
ಸುತ್ತಿದ ಹಳೆ ಸೀರಿ ತುಂಡು ಗಾಳಿಗೆ ಬಿಚ್ಚಿತು,
ಹಸರು, ಹಳದಿ ಅಂಚು.
ಗುಂಪಿನ್ಯಾಗಿಂದ ಒಬ್ಬ ಓಡಿ ಬಂದ.