ತಲೆ ಮೇಲಾಗಿ

ನರಿ ಬಂದಿರಲಿಲ್ಲ. ಗಿಡುಗನ ನೆರಳೂ ಇಲ್ಲ.
ಮಂಗಳವಾರ, ಏಳೂವರೆ. ಬಟ್ಟಲಿಗೆ ಕಾಳು ಸುರಿದ ಸದ್ದಿಗೆ
ಎಂದಿನಂತೆ ಓಡಿ ಬಂದಳು ಬಿನಿಯು,
ಲಂಗ ಎತ್ತಿಕೊಂಡು ಬಸ್ಸಿಗೆ ಓಡುವ ದಪ್ಪ ಹೆಂಗಸಿನ ಹಾಗೆ.
ಎರಡು ಕಾಳು ಕುಕ್ಕಿದಳು.
ಮೂರನೆಯದಕ್ಕೆ ಕೊರಳು ಚಾಚಿ
ಏನೋ ಮರೆತವಳಂತೆ ನಿಂತು,
ಒಂದು ಸುತ್ತು ತಿರುಗಿ, ರೆಕ್ಕೆ ಬಡಿದು
ಮಗುಚಿಕೊಂಡಳು.
ಅಷ್ಟೇ.
ಡಬ್ಬಿಯ ಮುಚ್ಚಳ ಇನ್ನೂ ನನ್ನ ಕೈಯಲ್ಲೇ ಇತ್ತು.

ನಾನು ಬಲ್ಲೆ, ಕೋಳಿ ಸಾಯುವುದನ್ನು.
ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಕೊಕ್ಕೆಗಳ ಸಾಲಿನ ಮುಂದೆ ನಿಂತವಳು.
ನೀಲಿ ದೀಪ, ರಬ್ಬರ್ ಬೂಟು.
ಪೆಟ್ಟಿಗೆಯಿಂದ ಕಾಲು ಹಿಡಿದು ಎತ್ತು, ತಿರುಗಿಸು, ಸಿಕ್ಕಿಸು.
ಎತ್ತು, ತಿರುಗಿಸು, ಸಿಕ್ಕಿಸು.
ಅಲ್ಲಿ ಒಂದು ಕೋಳಿ ಎಂಬುದೇ ಇರಲಿಲ್ಲ,
ಬರೀ ಕೋಳಿ. ಅಕ್ಕಿ, ಮರಳು ಅಂದ ಹಾಗೆ.
ಕೋಳಿಯನ್ನು ಕೇಳಿ ಮಸಾಲೆ ಅರೆಯುವವರುಂಟೆ?
ನಮ್ಮನ್ನೂ ಯಾರೂ ಕೇಳಲಿಲ್ಲ.
ಬಾಗಿಲು ಮುಚ್ಚಿದ ದಿನ ಒಂದೊಂದು ಗಡಿಯಾರ ಕೊಟ್ಟರು,
ಊದಿದ ನನ್ನ ಮಣಿಕಟ್ಟಿಗೆ ಅದರ ಪಟ್ಟಿ ಸಾಲಲಿಲ್ಲ.

ಇವಳನ್ನು ತಂದದ್ದು, ಮೊಟ್ಟೆ ಫಾರಮ್ಮಿನವರು
ಸವೆದ ಕೋಳಿಗಳನ್ನು ಮೂರು ಯೂರೋಗೊಂದರಂತೆ ಮಾರಿದಾಗ.
ಬೆನ್ನ ಮೇಲೆ ಪುಕ್ಕವಿಲ್ಲ, ಜುಟ್ಟು ಬಿಳಚಿ,
ಹುಲ್ಲೆಂದರೇ ಹೆದರಿಕೆ.
ಅದರಂಚಿನಲ್ಲಿ ಮೂರು ದಿನ ನಿಂತಿದ್ದಳು
ಕಡಲಿಗಿಳಿಯಲು ಅಳುಕುವ ಮಗುವಿನಂತೆ.
ನಾಲ್ಕನೆಯ ದಿನ ಎರೆಹುಳವೊಂದು ಸಿಕ್ಕಿ ಕೂಗಿದಳು ನೋಡಿ,
ಆ ಕೂಗಿಗೇ ಬಿನಿಯು ಎಂದು ಹೆಸರಿಟ್ಟೆ.
ನಮ್ಮ ಬ್ರಿಟನಿಯ ಮದುವೆಗಳಲ್ಲಿ ಊದುವ ಚೀಲದ ವಾದ್ಯ ಅದು:
ಹತ್ತಿರದವರಿಗೆ ಕಿವಿನೋವು, ದೂರದವರಿಗೆ ಹಬ್ಬ.

ಬಟ್ಟೆ ಹರವುವಾಗ ಕ್ಲಿಪ್ಪಿನ ಬುಟ್ಟಿಯಲ್ಲಿ ಕೂರುವಳು,
ಕೆಂಪು ಕ್ಲಿಪ್ಪುಗಳನ್ನಷ್ಟೇ ಕದಿಯುವಳು.
ಸಂಜೆ ಮೆಟ್ಟಿಲ ಮೇಲೆ, ನೋಯುವ ನನ್ನ ಮಣಿಕಟ್ಟಿನ ಮೇಲೆ
ಎದೆಯ ಬಿಸಿಯನ್ನೆಲ್ಲ ಇಳಿಸಿ ತೂಕಡಿಸುವಳು.

ಆ ಬಿಸಿಯನ್ನು ಬಲ್ಲ ಕೈ
ಮಂಗಳವಾರ ಏನು ಮಾಡಿತು ಗೊತ್ತೆ?
ನಾನು ಬಗ್ಗಿದೆ. ಮನಸ್ಸಿನ್ನೂ ಬಟ್ಟಲ ಬಳಿಯೇ ಇತ್ತು.
ಕೈ ಮಾತ್ರ ಮುಂದೆ ಹೋಗಿ
ಎರಡೂ ಕಾಲು ಒಟ್ಟಿಗೆ ಹಿಡಿದು
ಎತ್ತಿತು, ತಿರುಗಿಸಿತು,
ಗಾಳಿಯಲ್ಲಿ ಕೊಕ್ಕೆ ಹುಡುಕಿತು.

ತಲೆಕೆಳಗಾಗಿ ತೂಗುತ್ತಿದ್ದಳು.
ಕೊಕ್ಕಿನಿಂದ ಒಂದು ಕಾಳು ಉದುರಿತು.

ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ.
ಆಮೇಲೆ ತಲೆ ಮೇಲಾಗಿ ತಿರುಗಿಸಿ
ಕೂಸಿನಂತೆ ಎತ್ತಿಕೊಳ್ಳಲು ನೋಡಿದೆ. ಸರಿಯಾಗಿ ಬರಲಿಲ್ಲ.
ಕೊರಳು ನಿಲ್ಲಲೊಲ್ಲದು.
ಎರಡು ಬೆರಳು ಆನಿಸಿ ನಿಲ್ಲಿಸಿದೆ.

ಗುಲ್ವೆನ್ ಹಾರೆ ತಂದ. ಒಳ್ಳೆಯ ಗಂಡಸು, ಮಾತಾಡಲಿಲ್ಲ.
ಹೈಡ್ರೇಂಜಿಯಾ ಪೊದೆಯ ಬುಡದಲ್ಲಿ ಅಡಿ ಅಗೆಯುವಷ್ಟರಲ್ಲಿ ಬಂಡೆ,
ಪಕ್ಕಕ್ಕೆ ಸರಿದು ಮತ್ತೆ ಅಗೆದ.
ಬೇಲಿಯಾಚೆಯಿಂದ ಮದಾಮ್ ಕೆರ್ಮಾರೆಕ್,
"ಸೂಪಿಗೂ ಆಗುತ್ತಿರಲಿಲ್ಲವೇ?"
ಕೇಡಿಗಲ್ಲ, ಅವರು ಬೆಳೆದ ಕಾಲ ಅಂಥದು.
ನಾನೇನು ಅನ್ನಲಿ.
ಅದೂ ನಾನು!

ರಾತ್ರಿ ಲೆಕ್ಕ ಹಾಕಲು ಕೂತೆ.
ನಿಮಿಷಕ್ಕೆ ಇಷ್ಟು, ಪಾಳಿಗೆ ಇಷ್ಟು, ವರ್ಷಕ್ಕೆ—
ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ
ಸೊನ್ನೆಗಳು ಮೊಟ್ಟೆಗಳಂತೆ ಸಾಲುಗಟ್ಟಿದವು.
ಪೆನ್ಸಿಲ್ ಕೆಳಗಿಟ್ಟೆ.
ಅವರಿಗೆಲ್ಲ ಅಳುತ್ತಿದ್ದೇನೆ ಅಂದರೆ ಸುಳ್ಳಾದೀತು.
ಅಳು ಇವಳೊಬ್ಬಳಿಗೇ.
ಅದೇ ನನ್ನನ್ನು ತಿನ್ನುವುದು.

ಉಳಿದಿಬ್ಬರು ಅಡ್ಡಗೋಲಿನ ಮೇಲೆ
ಮೊದಲ ರಾತ್ರಿ ಅವಳ ಜಾಗ ಬಿಟ್ಟು ಕೂತಿದ್ದರು.
ಎರಡನೆಯ ರಾತ್ರಿ ಚಳಿ. ಸರಿದು ಕೂತರು.

ಇವತ್ತು ಬಿಸಿಲು ಬಂತು, ಬಟ್ಟೆ ಹರವಿದೆ.
ಗುಲ್ವೆನ್‌ನ ಅಂಗಿಗಳನ್ನು ತಲೆಕೆಳಗಾಗಿ ಸಿಕ್ಕಿಸುವುದು ನನ್ನ ರೂಢಿ,
ಬೇಗ ಒಣಗುತ್ತವೆ.
ಒಂದಕ್ಕೆ ಕೈ ಹಾಕಿ, ಬಿಟ್ಟು,
ಭುಜಗಳಿಗೆ ಕ್ಲಿಪ್ಪು ಹಾಕುತ್ತ ಹೋದೆ.
ಇದ್ದವೆಲ್ಲ ನೀಲಿ.
ಭುಜದ ಮೇಲೆ ಗುರುತು ಬೀಳುತ್ತದೆ, ಇಸ್ತ್ರಿಗೂ ಹೋಗದು.
ಬೀಳಲಿ.